ಉಸಿರು ಕಾಯುವ ವಿದ್ಯೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಸುತ್ತಮುತ್ತ ತೊಗರಿ ಬೆಳೆಯುವ ಹಳ್ಳಿಗಳು. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾಗಿದ್ದರೂ ದೊಡ್ಡ ಕಾಯಿಲೆ ಬಂತೆಂದರೆ ಇಲ್ಲಿನ ಜನ ಹೊರಡುವುದು ಕಲಬುರಗಿಯ ದೊಡ್ಡ ದವಾಖಾನೆಗೇ.

2021ರ ಬೇಸಿಗೆಯಲ್ಲಿ ಹಾಗೆ ಹೊರಟ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತೈದರ ಆಸುಪಾಸು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಕೋವಿಡ್ ತಗುಲಿ, ಆಮ್ಲಜನಕ ಮತ್ತು ಸ್ಟಿರಾಯ್ಡ್ ಪಡೆದು, ಬದುಕಿ ಮನೆಗೆ ಮರಳಿದ್ದಾನೆ. ಎರಡು ವಾರ ಕಳೆಯುವಷ್ಟರಲ್ಲಿ ಒಂದು ಕೆನ್ನೆ ಜೋಮು ಹಿಡಿದಂತಾಗುತ್ತದೆ. ಮೂಗಿನಿಂದ ಕಂದು ಬಣ್ಣದ ನೀರು ಇಳಿಯುತ್ತದೆ. ಮೇಲಿನ ಹಲ್ಲುಗಳು ಅಲುಗಾಡತೊಡಗುತ್ತವೆ. 'ಹಲ್ಲಿನ ಬ್ಯಾನಿ ಇರಬೇಕು' ಎಂದು ಮನೆಯವರು ಎರಡು ದಿನ ಕಾಯುತ್ತಾರೆ. ಮೂರನೆಯ ದಿನ ಕಣ್ಣು ಊದಿಕೊಂಡು ಮುಂದಕ್ಕೆ ಬಂದಾಗ ಗಾಬರಿಯಾಗಿ ಕಲಬುರಗಿಗೆ ಕರೆತರುತ್ತಾರೆ. ಅಲ್ಲಿ ವೈದ್ಯರು ಹೇಳುವುದು: ಇದು ಬ್ಲ್ಯಾಕ್ ಫಂಗಸ್, ತಡಮಾಡದೆ ಆಪರೇಷನ್ ಆಗಬೇಕು.

ಮಗನ ಮುಂದೆ ಎರಡು ಒಪ್ಪಿಗೆ ಪತ್ರಗಳು ಬರುತ್ತವೆ. ಮೊದಲನೆಯದು ಶಸ್ತ್ರಚಿಕಿತ್ಸೆಗೆ. ಅದನ್ನು ಆತ ಎರಡು ಸಲ ಓದಿಸಿ ಕೇಳುತ್ತಾನೆ. ಕಣ್ಣು ಉಳಿಯುತ್ತದೆಯೇ, ದವಡೆಯನ್ನು ಎಷ್ಟು ತೆಗೆಯುತ್ತಾರೆ, ಮುಖ ಮೊದಲಿನಂತೆ ಆಗುತ್ತದೆಯೇ ಎಂದು ವಿಚಾರಿಸುತ್ತಾನೆ. ಎರಡನೆಯದು ಅರಿವಳಿಕೆಗೆ. ಅದಕ್ಕೆ ಓದದೆಯೇ ಸಹಿ ಬೀಳುತ್ತದೆ. 'ಮಲಗಸೋದು ಒಂದು ಸೂಜಿ ಅಷ್ಟೇ ಅಲ್ರಿ, ಸಾಹೇಬ್ರೇ?' ಎನ್ನುತ್ತಾನೆ.

ಈ ಕಾಯಿಲೆಯಲ್ಲಿ ರೋಗಿಯ ಜೀವ ಹೋಗುವ ದಾರಿಗಳಲ್ಲಿ ಹಲವು ಆ ಎರಡನೆಯ ಕಾಗದದ ಹಿಂದೆಯೇ ಇವೆ. ಕೊಳೆತ ಭಾಗವನ್ನು ಕತ್ತರಿಸಿ ತೆಗೆಯುವುದು ಎಷ್ಟು ಕಷ್ಟವೋ, ಅಂಥ ರೋಗಿಯನ್ನು ಮಲಗಿಸಿ, ಉಸಿರಾಡಿಸಿ, ಮತ್ತೆ ಎಬ್ಬಿಸುವುದೂ ಅಷ್ಟೇ ಕಷ್ಟ. ಅದು ಏಕೆ ಎಂದು ತಿಳಿಯಬೇಕಾದರೆ ಮೊದಲು ರೋಗದ ಸ್ವಭಾವ ತಿಳಿಯಬೇಕು.

ಬೂಷ್ಟಿನ ಬಣ್ಣ ಕಪ್ಪಲ್ಲ

ವೈದ್ಯರು ಈ ರೋಗವನ್ನು ಮ್ಯೂಕರ್‌ಮೈಕೋಸಿಸ್ ಎಂದು ಕರೆಯುತ್ತಾರೆ. ಕಪ್ಪು ಶಿಲೀಂಧ್ರ ಎಂಬ ಹೆಸರು ಪತ್ರಿಕೆಗಳ ಮೂಲಕ ಮನೆಮಾತಾದರೂ ಈ ಬೂಷ್ಟಿನ ಬಣ್ಣ ಕಪ್ಪಲ್ಲ. ಮಣ್ಣು, ತಿಪ್ಪೆಗೊಬ್ಬರ, ಕೊಳೆತ ಹಣ್ಣು, ಹಳಸಿದ ಬ್ರೆಡ್ಡು ಎಲ್ಲದರಲ್ಲೂ ಇದು ಇದೆ. ಇದರ ಬೀಜಕಣಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ನಾವೆಲ್ಲರೂ ಅವನ್ನು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತಲೇ ಇರುತ್ತೇವೆ. ಆರೋಗ್ಯವಂತರ ದೇಹದಲ್ಲಿ ರಕ್ತದ ಬಿಳಿಯ ಕಣಗಳು ಅವನ್ನು ಅಲ್ಲಿಯೇ ಮುಗಿಸಿಬಿಡುತ್ತವೆ.

ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಈ ಕಾವಲು ಸಡಿಲವಾಗುತ್ತದೆ. ಬಿಳಿಯ ಕಣಗಳು ಮಂದವಾಗುತ್ತವೆ. ರಕ್ತದಲ್ಲಿ ಆಮ್ಲದ ಅಂಶ ಏರಿದರೆ, ಪ್ರೋಟೀನುಗಳಿಗೆ ಅಂಟಿಕೊಂಡಿದ್ದ ಕಬ್ಬಿಣ ಬಿಡುಗಡೆಯಾಗುತ್ತದೆ. ಈ ಶಿಲೀಂಧ್ರದ ಬೆಳವಣಿಗೆಗೆ ಕಬ್ಬಿಣ ಬೇಕೇಬೇಕು. ಸಕ್ಕರೆ, ಆಮ್ಲ, ಕಬ್ಬಿಣ ಮೂರೂ ಒಂದೆಡೆ ಸೇರಿದರೆ ಅದಕ್ಕೆ ಹದವಾದ ಹೊಲ ಸಿಕ್ಕಂತೆ. ಕೋವಿಡ್ ಈ ಹೊಲವನ್ನು ಇನ್ನಷ್ಟು ಹದಗೊಳಿಸಿತು. ಆಮ್ಲಜನಕ ಬೇಕಾಗುವಷ್ಟು ಕಾಯಿಲೆ ಬಿಗಡಾಯಿಸಿದವರ ಜೀವವನ್ನು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಉಳಿಸಬಲ್ಲದು ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿಕೊಟ್ಟಿತು. ಆದರೆ ಅದೇ ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ದೇಹದ ರಕ್ಷಣೆಯನ್ನು ತಗ್ಗಿಸುತ್ತದೆ. ಬೇಡದವರಿಗೆ ಕೊಟ್ಟಲ್ಲಿ, ಬೇಕಾದದ್ದಕ್ಕಿಂತ ಹೆಚ್ಚು ದಿನ ಕೊಟ್ಟಲ್ಲಿ, ಸಕ್ಕರೆ ಅಳೆಯದೆ ಕೊಟ್ಟಲ್ಲಿ ಅಪಾಯ ಬೆಳೆಯಿತು.

ಮೂಗಿನಲ್ಲಿ ಬೇರೂರಿದ ಬೂಷ್ಟು ಪಕ್ಕದ ಸೈನಸ್ ಕುಹರಗಳಿಗೆ, ಕೆಳಗೆ ಅಂಗುಳಿಗೆ, ಮೇಲೆ ಕಣ್ಣಿನ ಗೂಡಿಗೆ, ಅಲ್ಲಿಂದ ಮಿದುಳಿಗೆ ಹಬ್ಬುತ್ತದೆ. ಹಬ್ಬುವಾಗ ರಕ್ತನಾಳದ ಒಳಗೇ ನುಗ್ಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರಕ್ತ ಸಿಗದ ಮಾಂಸ, ಮೂಳೆ ಸಾಯುತ್ತವೆ. ಸತ್ತ ಮಾಂಸದ ಬಣ್ಣ ಕಪ್ಪು. ರೋಗಕ್ಕೆ ಹೆಸರು ಬಂದದ್ದು ಅದರಿಂದ.

ಶಸ್ತ್ರಚಿಕಿತ್ಸೆ ಏಕೆ ಬೇಕು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ರಕ್ತನಾಳಕ್ಕೆ ಕೊಟ್ಟ ಔಷಧ ರಕ್ತದ ಮೂಲಕವೇ ಹೋಗಬೇಕು. ಸತ್ತ ಭಾಗಕ್ಕೆ ರಕ್ತವಿಲ್ಲ, ಆದ್ದರಿಂದ ಔಷಧವೂ ಇಲ್ಲ. ಅಲ್ಲಿ ಕುಳಿತ ಬೂಷ್ಟನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ.

ರೋಗ ಹೊಸದೇನೂ ಅಲ್ಲ. ಮನುಷ್ಯರಲ್ಲಿ ಇದನ್ನು ಅರ್ನಾಲ್ಡ್ ಪಾಲ್ಟಾಫ್ ಎಂಬ ವೈದ್ಯ 1885ರಲ್ಲಿಯೇ ವಿವರಿಸಿದ್ದರು. ಸಕ್ಕರೆ ಕಾಯಿಲೆಯವರು ಬಹಳವಿರುವ ಭಾರತದಲ್ಲಿ ಕೋವಿಡ್‌ಗೆ ಮುಂಚೆಯೂ ಇದು ಕಾಣಿಸಿಕೊಳ್ಳುತ್ತಿತ್ತು. ಆದರೆ 2021ರಲ್ಲಿ ಬಂದದ್ದು ಪ್ರವಾಹ. ಆ ವರ್ಷದ ಜುಲೈ ವೇಳೆಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ 4,300ಕ್ಕೂ ಹೆಚ್ಚು ಮಂದಿ ಸತ್ತಿದ್ದರೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಪ್ರತಿಯೊಂದು ಪ್ರಕರಣವನ್ನೂ ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂಬ ನಿಯಮ ಮೇ ತಿಂಗಳಲ್ಲಿ ಬಂತು. ಕರ್ನಾಟಕ ಸರ್ಕಾರ ಬೆಂಗಳೂರಿನ ಜೊತೆಗೆ ಇತರ ವಿಭಾಗಗಳಲ್ಲೂ ಚಿಕಿತ್ಸಾ ಕೇಂದ್ರಗಳನ್ನು ಗೊತ್ತುಮಾಡಿತು. ಕಲಬುರಗಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಅವುಗಳಲ್ಲೊಂದು. ಕೋವಿಡ್‌ನಿಂದ ದೇಶದಲ್ಲಿ ಮೊದಲು ದೃಢಪಟ್ಟ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯ ವೃದ್ಧರೊಬ್ಬರದು. ಆ ಸಾಂಕ್ರಾಮಿಕದ ಮೊದಲ ಪೆಟ್ಟು ತಿಂದ ಊರಿಗೆ ಅದರ ಬಾಲದಲ್ಲಿ ಬಂದ ರೋಗವೂ ತಪ್ಪಲಿಲ್ಲ.

ನಿಜಾಮರ ಕಾಲದ ಒಂದು ವಾದ

ರೋಗಿಯನ್ನು ಮಲಗಿಸುವ ವೈದ್ಯ ಯಾವುದರ ಮೇಲೆ ಕಣ್ಣಿಡಬೇಕು? ಉಸಿರಿನ ಮೇಲೋ, ನಾಡಿಯ ಮೇಲೋ? ಈ ಪ್ರಶ್ನೆಗೆ ಕಲಬುರಗಿ ಸೇರಿದ್ದ ರಾಜ್ಯದಲ್ಲೇ ಒಂದು ದೊಡ್ಡ ಇತಿಹಾಸವಿದೆ. ಗುಲ್ಬರ್ಗ ಎಂದು ಕರೆಯುತ್ತಿದ್ದ ಈ ಪ್ರದೇಶ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕನ್ನಡ ನಾಡನ್ನು ಕೂಡಿಕೊಂಡದ್ದು 1956ರಲ್ಲಿ.

ಅಮೆರಿಕದ ಬಾಸ್ಟನ್ ನಗರದಲ್ಲಿ 1846ರ ಅಕ್ಟೋಬರ್ 16ರಂದು ವಿಲಿಯಂ ಮಾರ್ಟನ್ ಈಥರ್ ಆವಿಯಿಂದ ರೋಗಿಯ ಅರಿವು ತಪ್ಪಿಸಿ ತೋರಿಸಿದ. ಮರುವರ್ಷ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂ ಬಳಕೆಗೆ ತಂದ. ಅದು ಬೇಗ ಮತ್ತು ಬರಿಸುತ್ತಿತ್ತು, ಮೂಗಿಗೆ ಹಿತವಾಗಿತ್ತು. ಆದರೆ 1848ರ ಜನವರಿಯಲ್ಲಿ ಇಂಗ್ಲೆಂಡಿನ ಹದಿನೈದರ ಹುಡುಗಿಯೊಬ್ಬಳು ಕಾಲುಗುರು ತೆಗೆಸಿಕೊಳ್ಳಲು ಮಲಗಿ ಕೆಲವೇ ನಿಮಿಷಗಳಲ್ಲಿ ಸತ್ತಳು. ಆಮೇಲೆ ಅಂಥ ಸಾವುಗಳ ವರದಿ ಬರುತ್ತಲೇ ಹೋಯಿತು. ಕ್ಲೋರೋಫಾರಂ ಉಸಿರನ್ನು ನಿಲ್ಲಿಸಿ ಕೊಲ್ಲುತ್ತದೋ, ಹೃದಯವನ್ನು ನಿಲ್ಲಿಸಿ ಕೊಲ್ಲುತ್ತದೋ ಎಂಬುದು ವೈದ್ಯಲೋಕದ ಜಗಳವಾಯಿತು.

ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಗೆ ಈ ವಿಷಯದಲ್ಲಿ ಸಂಶಯವೇ ಇರಲಿಲ್ಲ. ಉಸಿರನ್ನು ಕಾದರೆ ಸಾಕು, ಹೃದಯ ತನ್ನನ್ನು ತಾನು ನೋಡಿಕೊಳ್ಳುತ್ತದೆ ಎಂಬುದು ಆತನ ನಂಬಿಕೆ. ಅದನ್ನು ಸಾಧಿಸಲು 1888ರಲ್ಲಿ ನಿಜಾಮರ ನೆರವಿನಿಂದ ಹೈದರಾಬಾದ್ ಕ್ಲೋರೋಫಾರಂ ಆಯೋಗ ನಡೆಯಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅದರ ತೀರ್ಮಾನವನ್ನು ಒಪ್ಪಲಿಲ್ಲ. ಆಗ ಆರನೆಯ ನಿಜಾಮ ಮಹಬೂಬ್ ಅಲಿಖಾನ್ 1,000 ಪೌಂಡ್ ಕೊಟ್ಟು, ಪತ್ರಿಕೆಯೇ ಒಬ್ಬ ತಜ್ಞನನ್ನು ಕಳುಹಿಸಲಿ ಎಂದರು. ಹಾಗೆ ಬಂದವರು ಲಾಡರ್ ಬ್ರಂಟನ್. 1889ರಲ್ಲಿ ಎರಡನೆಯ ಆಯೋಗ ಕೂತಿತು. ನಾಯಿ, ಕೋತಿ, ಆಡು, ಕುದುರೆ ಎಂದು 400ಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆದು, ಮೊದಲು ನಿಲ್ಲುವುದು ಉಸಿರೇ ಎಂಬ ವರದಿ ಬಂತು.

ಲಾರಿಯ ಬಳಿ ಕ್ಲೋರೋಫಾರಂ ಕೊಡುವುದನ್ನು ಕಲಿತವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆಯೂ ಒಬ್ಬರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರ ಸಾಲಿನಲ್ಲಿ ಅವರ ಹೆಸರು ಬರುತ್ತದೆ.

ಆದರೆ ಲಾರಿಯ ತೀರ್ಮಾನ ಅರ್ಧ ಮಾತ್ರ ಸರಿ. ಕ್ಲೋರೋಫಾರಂ ಹೃದಯದ ಲಯವನ್ನು ಕೆಡಿಸಿ ಥಟ್ಟನೆ ಕೊಲ್ಲಬಲ್ಲದು ಎಂದು 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟ. ಉಸಿರನ್ನೂ ಕಾಯಬೇಕು, ನಾಡಿಯನ್ನೂ ಕಾಯಬೇಕು ಎಂದಾಯಿತು. ಇಂದಿನ ಅರಿವಳಿಕೆ ತಜ್ಞರ ಮುಂದಿರುವ ಪರದೆ ಆ ಹಳೆಯ ಜಗಳದ ರಾಜಿಪತ್ರದಂತಿದೆ. ಒಂದು ಗೆರೆ ಹೃದಯದ್ದು, ಇನ್ನೊಂದು ಗೆರೆ ಹೊರಬರುವ ಉಸಿರಿನಲ್ಲಿರುವ ಇಂಗಾಲದ ಡೈ ಆಕ್ಸೈಡಿನದು, ಮತ್ತೊಂದು ರಕ್ತದ ಆಮ್ಲಜನಕದ್ದು. ಈ ಮೂರನೆಯದನ್ನು ಅಳೆಯುವ ಉಪಾಯ 1974ರಲ್ಲಿ ಜಪಾನಿನ ತಕುವೊ ಅವೊಯಾಗಿಯವರದು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ಅದೇ.

ಕಪ್ಪು ಶಿಲೀಂಧ್ರದ ರೋಗಿ ಮೇಜಿನ ಮೇಲೆ ಮಲಗಿದಾಗ ಈ ಎರಡು ಕಾವಲುಗಳೂ ಒಟ್ಟಿಗೆ ಕಠಿಣವಾಗುತ್ತವೆ. ರೋಗ ಉಸಿರಿನ ದಾರಿಯನ್ನು ಹಿಡಿದಿರುತ್ತದೆ. ರೋಗದ ಔಷಧ ಹೃದಯದ ಲಯಕ್ಕೆ ಕೈ ಹಾಕಿರುತ್ತದೆ.

ಉಸಿರಿನ ದಾರಿಯಲ್ಲಿ

ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ರೋಗಿಗೆ ಅರಿವು ತಪ್ಪಿಸುವುದು, ನೋವು ತಡೆಯುವುದು, ಸ್ನಾಯುಗಳನ್ನು ಸಡಿಲಿಸುವುದು ಎಂಬ ಮೂರು ಕೆಲಸಗಳಿವೆ. ಸ್ನಾಯು ಸಡಿಲವಾದರೆ ರೋಗಿ ತಾನಾಗಿ ಉಸಿರಾಡಲಾರ. ಅಲ್ಲಿಂದ ಮುಂದೆ ಅವನ ಉಸಿರು ವೈದ್ಯರ ಹೊಣೆ. ಮೊದಲು ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಆಮ್ಲಜನಕ ಊದುತ್ತಾರೆ. ಆಮೇಲೆ ಬಾಯಿಯ ಮೂಲಕ ಗಂಟಲಿನೊಳಗೆ ನೋಡಿ, ಧ್ವನಿತಂತುಗಳ ನಡುವೆ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ. ಈ ಎರಡರ ನಡುವಿನ ಒಂದೆರಡು ನಿಮಿಷವೇ ಅತ್ಯಂತ ನಾಜೂಕಾದ ಸಮಯ.

ಕಮಲಾಪುರದ ನಮ್ಮ ರೈತನ ಕೆನ್ನೆ ಊದಿದೆ, ಕಣ್ಣು ಮುಂದೆ ಬಂದಿದೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಬದಿಯಿಂದ ಗಾಳಿ ಸೋರುತ್ತದೆ. ನೋವು, ಬಾವಿನಿಂದ ಬಾಯಿ ಪೂರ್ತಿ ತೆರೆಯಲಾಗದು. ಅಂಗುಳಿನಲ್ಲಿ ತೂತು ಬಿದ್ದಿರಬಹುದು. ಗಂಟಲಿನಲ್ಲಿ ಸತ್ತ ಮಾಂಸದ ಚೂರು, ಕೀವು, ಒಣಗಿದ ರಕ್ತ ಅಂಟಿಕೊಂಡಿರಬಹುದು. ಧ್ವನಿಪೆಟ್ಟಿಗೆಯ ಸುತ್ತ ಊತವಿರಬಹುದು. ಅಲುಗಾಡುವ ಹಲ್ಲು ಉದುರಿ ಶ್ವಾಸನಾಳಕ್ಕೆ ಜಾರಬಹುದು. ಬಾಯಿಯ ಒಳಗಿನ ಶಸ್ತ್ರಚಿಕಿತ್ಸೆಗಳಲ್ಲಿ ಸರ್ಜನ್ನರಿಗೆ ಜಾಗ ಬಿಡಲೆಂದು ಕೊಳವೆಯನ್ನು ಮೂಗಿನ ಮೂಲಕ ಹಾಕುವ ರೂಢಿಯುಂಟು. ಇಲ್ಲಿ ಅದು ಆಗದ ಮಾತು. ಮೂಗೇ ರೋಗದ ಮನೆ. ಅಲ್ಲಿಂದ ಕೊಳವೆ ತೂರಿಸಿದರೆ ರಕ್ತ ಸುರಿಯುವುದಲ್ಲದೆ ಬೂಷ್ಟು, ಸತ್ತ ಮಾಂಸ ಎಲ್ಲವನ್ನೂ ಶ್ವಾಸಕೋಶಕ್ಕೆ ತಳ್ಳಿದಂತಾಗುತ್ತದೆ.

ಆದ್ದರಿಂದ ಅರಿವಳಿಕೆ ತಜ್ಞರು ಹಿಂದಿನ ದಿನವೋ, ತುರ್ತಾದರೆ ಒಂದು ಗಂಟೆ ಮೊದಲೋ ರೋಗಿಯ ಬಾಯಿ ತೆರೆಸಿ, ಸ್ಕ್ಯಾನ್ ಚಿತ್ರ ನೋಡಿ ಲೆಕ್ಕ ಹಾಕಿಕೊಳ್ಳುತ್ತಾರೆ. ಮೊದಲ ಉಪಾಯ ಕೈಕೊಟ್ಟರೆ ಎರಡನೆಯದು, ಅದೂ ತಪ್ಪಿದರೆ ಮೂರನೆಯದು ಯಾವುದೆಂದು ಮೊದಲೇ ತೀರ್ಮಾನವಾಗಿರಬೇಕು. ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ ಉಪಕರಣದಿಂದ ಗಂಟಲನ್ನು ಪರದೆಯ ಮೇಲೆ ನೋಡುತ್ತಾ ಕೊಳವೆ ಹಾಕುವುದು ಒಂದು ದಾರಿ. ಬಾಯಿ ತೆರೆಯುವುದೇ ಕಷ್ಟವಾದವರಲ್ಲಿ ಗಂಟಲಿಗೆ ಮಾತ್ರ ಮರಗಟ್ಟಿಸುವ ಔಷಧ ಸಿಂಪಡಿಸಿ, ರೋಗಿ ಎಚ್ಚರವಿದ್ದು ತಾನೇ ಉಸಿರಾಡುತ್ತಿರುವಾಗಲೇ ಬಾಗುವ ದರ್ಶಕದ ಮೇಲೆ ಕೊಳವೆಯನ್ನು ಇಳಿಸುವುದು ಇನ್ನೊಂದು. ಇವೆರಡೂ ಆಗದಿದ್ದರೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೇ ರಂಧ್ರ ಮಾಡಬೇಕು. ಅದಕ್ಕೆ ಬೇಕಾದ ಸರ್ಜನ್ ಕೈಗವಸು ತೊಟ್ಟು ಪಕ್ಕದಲ್ಲೇ ನಿಂತಿರುತ್ತಾರೆ.

ಕೊಳವೆ ಒಳಗೆ ಹೋದ ಮೇಲೆ ಅದರ ಸುತ್ತ ಗಂಟಲಿಗೆ ಒದ್ದೆ ಬಟ್ಟೆಯ ಸುರುಳಿ ತುಂಬುತ್ತಾರೆ. ಮೇಲೆ ಕತ್ತರಿಸುವಾಗ ಇಳಿಯುವ ರಕ್ತ, ಚೂರುಗಳು ಶ್ವಾಸನಾಳದ ಕಡೆ ಹೋಗದಿರಲೆಂದು. ಆ ಸುರುಳಿಯನ್ನು ಕೊನೆಗೆ ನೆನಪಿಟ್ಟು ತೆಗೆಯುವುದು ಇನ್ನೊಂದು ಜವಾಬ್ದಾರಿ. ಮರೆತರೆ ರೋಗಿ ಎದ್ದಕೂಡಲೇ ಉಸಿರು ಕಟ್ಟುತ್ತದೆ. ಹೀಗಾಗಿ ಹಾಕಿದ್ದನ್ನು ಬರೆದಿಟ್ಟು, ತೆಗೆದದ್ದನ್ನು ಗಟ್ಟಿಯಾಗಿ ಹೇಳುವ ಪದ್ಧತಿಯಿದೆ.

ಔಷಧ ಕಸಿಯುವ ಲವಣ

ಈ ರೋಗಕ್ಕೆ ಮುಖ್ಯ ಔಷಧ ಆಂಫೋಟೆರಿಸಿನ್. ದಕ್ಷಿಣ ಅಮೆರಿಕದ ವೆನಿಜುವೆಲಾ ದೇಶದ ಒರಿನೋಕೊ ನದಿಯ ಸೀಮೆಯಿಂದ ತಂದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಪಡೆದದ್ದು. ಶಿಲೀಂಧ್ರದ ಹೊರಪೊರೆಯಲ್ಲಿ ತೂತು ಕೊರೆದು ಅದನ್ನು ಕೊಲ್ಲುತ್ತದೆ. ಮೂತ್ರಪಿಂಡದ ಕೋಶಗಳನ್ನೂ ಅದು ಅಷ್ಟಿಷ್ಟು ಸೋರುವಂತೆ ಮಾಡುತ್ತದೆ. ದೇಹದ ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಮೂತ್ರದಲ್ಲಿ ಹರಿದುಹೋಗುತ್ತವೆ. ಔಷಧ ಕೊಡುವಾಗ ಚಳಿ, ನಡುಕ, ಜ್ವರ ಬರುವುದೂ ಉಂಟು. ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ಅಡಗಿಸಿದ ಲೈಪೋಸೋಮಲ್ ರೂಪ ಮೂತ್ರಪಿಂಡಕ್ಕೆ ಕಡಿಮೆ ಹಾನಿಕರ, ಆದರೆ ದುಬಾರಿ. ರೋಗಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಎಂದರೆ 60 ಕಿಲೋ ತೂಗುವವನಿಗೆ 300 ಮಿಲಿಗ್ರಾಂ. 50 ಮಿಲಿಗ್ರಾಂನ ಬಾಟಲಿ ದಿನಕ್ಕೆ ಆರು ಬೇಕು, ಅದೂ ವಾರಗಟ್ಟಲೆ. 2021ರ ಮೇ, ಜೂನ್‌ಗಳಲ್ಲಿ ದೇಶದಲ್ಲೆಲ್ಲ ಈ ಬಾಟಲಿಗೆ ಹಾಹಾಕಾರ ಎದ್ದದ್ದು ಏಕೆಂದು ಈ ಲೆಕ್ಕವೇ ಹೇಳುತ್ತದೆ. ಇನ್ನೊಂದು ವಿಪರ್ಯಾಸವೆಂದರೆ ಇದನ್ನು ಉಪ್ಪುನೀರಿನಲ್ಲಿ ಬೆರೆಸುವಂತಿಲ್ಲ, ಗ್ಲೂಕೋಸ್ ದ್ರಾವಣದಲ್ಲಿಯೇ ಕೊಡಬೇಕು. ಸಕ್ಕರೆಯಿಂದಲೇ ಬೆಳೆದ ರೋಗದ ಮದ್ದು ಸಕ್ಕರೆ ನೀರಿನ ಜೊತೆಗೇ ದೇಹ ಸೇರುತ್ತದೆ. ಅದಕ್ಕೆ ಸರಿಹೊಂದುವಂತೆ ಇನ್ಸುಲಿನ್ ಕೊಡಬೇಕಾಗುತ್ತದೆ. ಆ ಇನ್ಸುಲಿನ್ ಕೂಡ ರಕ್ತದ ಪೊಟ್ಯಾಸಿಯಮ್ಮನ್ನು ಇನ್ನಷ್ಟು ಇಳಿಸುತ್ತದೆ.

ಪೊಟ್ಯಾಸಿಯಂ ಇಳಿದರೆ ಏನಾಗುತ್ತದೆ? ಹೃದಯದ ಪ್ರತಿ ಬಡಿತದ ಹಿಂದೆ ಈ ಲವಣದ ಒಳಹರಿವು ಹೊರಹರಿವು ಇದೆ. ಅದರ ಮಟ್ಟ ತಗ್ಗಿದಾಗ ಲಯ ತಪ್ಪುತ್ತದೆ. ಎಚ್ಚರವಿರುವಾಗ ಹೇಗೋ ಸಾಗುತ್ತಿದ್ದ ಹೃದಯ, ಅರಿವಳಿಕೆಯ ಔಷಧ, ರಕ್ತಸ್ರಾವ, ಕಡಿಮೆ ಆಮ್ಲಜನಕ ಸೇರಿದಾಗ ಥಟ್ಟನೆ ಮುಗ್ಗರಿಸಬಹುದು. ಸ್ನಾಯು ಸಡಿಲಿಸುವ ಔಷಧದ ಪರಿಣಾಮವೂ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಮೂತ್ರಪಿಂಡ ಸೋತವರಲ್ಲಿ ಯಾವ ಔಷಧ ಹೇಗೆ ಹೊರಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ಅಟ್ರಾಕ್ಯೂರಿಯಂ ಎಂಬ ಔಷಧ ರಕ್ತದಲ್ಲಿ ತಾನಾಗಿ ಒಡೆದು ಹೋಗುವುದರಿಂದ ಅಂಥವರಿಗೆ ಅದನ್ನು ಆರಿಸಿಕೊಳ್ಳುವುದುಂಟು. ನೋವಿನ ಸಾಮಾನ್ಯ ಮಾತ್ರೆಗಳಲ್ಲಿ ಹಲವು ಮೂತ್ರಪಿಂಡಕ್ಕೆ ಹೊರೆಯಾದ್ದರಿಂದ ಅವನ್ನು ದೂರವಿಡುತ್ತಾರೆ.

ಸ್ಟಿರಾಯ್ಡಿನ ಲೆಕ್ಕವೂ ಇದೆ. ಹೊರಗಿನಿಂದ ಕೆಲವು ವಾರ ಸ್ಟಿರಾಯ್ಡ್ ಪಡೆದ ದೇಹ ತಾನು ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಶಸ್ತ್ರಚಿಕಿತ್ಸೆಯ ಆಘಾತವನ್ನು ತಾಳಲು ಬೇಕಾದ ಆ ರಸ ಸಿಗದಿದ್ದರೆ ರಕ್ತದೊತ್ತಡ ಕುಸಿಯುತ್ತದೆ. ಕೊಟ್ಟರೆ ಸಕ್ಕರೆ ಏರುತ್ತದೆ, ಬೂಷ್ಟಿಗೆ ಬಲ ಬರುತ್ತದೆ. ಎಷ್ಟು ಬೇಕೋ ಅಷ್ಟೇ ಕೊಡುವ ತಕ್ಕಡಿ ಅರಿವಳಿಕೆ ತಜ್ಞರ ಕೈಯಲ್ಲಿರುತ್ತದೆ.

ಏಳು ವಾರ ಮತ್ತು ಏಳು ಗಂಟೆ

ಕೋವಿಡ್ ಶ್ವಾಸಕೋಶವನ್ನು ಗಟ್ಟಿಗೊಳಿಸಿ ಬಿಟ್ಟುಹೋಗಬಹುದು. ಹೃದಯವನ್ನು ದುರ್ಬಲಗೊಳಿಸಬಹುದು. ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡಬಹುದು. 116 ದೇಶಗಳ 1,40,231 ರೋಗಿಗಳನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಧ್ಯವಾದರೆ ಕೋವಿಡ್ ಬಂದ ಮೇಲೆ ಕನಿಷ್ಠ ಏಳು ವಾರ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಲೇಸು ಎಂದಿತು. ಹರ್ನಿಯಾಕ್ಕೋ, ಮಂಡಿಚಿಪ್ಪಿಗೋ ಈ ಮಾತು ಸರಿ. ಕಣ್ಣಿನ ಗೂಡಿಗೆ ಬಂದ ಬೂಷ್ಟು ಏಳು ವಾರ ಬಿಡಿ, ಏಳು ದಿನವೂ ಕಾಯುವುದಿಲ್ಲ.

ಅರಿವಳಿಕೆ ತಜ್ಞರ ನಿಜವಾದ ಸಂಕಟ ಇಲ್ಲಿದೆ. ರಕ್ತದಲ್ಲಿ ಆಮ್ಲ ಏರಿದೆ, ಪೊಟ್ಯಾಸಿಯಂ ಇಳಿದಿದೆ, ಉಸಿರು ಮೇಲುಮೇಲಾಗಿದೆ. ಹಾಗೆಯೇ ಮೇಜಿಗೆ ಏರಿಸಿದರೆ ಹೃದಯ ನಿಲ್ಲಬಹುದು. ಎಲ್ಲವನ್ನೂ ಸರಿಪಡಿಸಿಯೇ ಏರಿಸುವೆನೆಂದರೆ ಅಷ್ಟರಲ್ಲಿ ಬೂಷ್ಟು ಮಿದುಳು ಮುಟ್ಟಬಹುದು. ಪೊಟ್ಯಾಸಿಯಮ್ಮನ್ನು ಒಮ್ಮೆಗೇ ಸುರಿಯುವಂತಿಲ್ಲ, ವೇಗವಾಗಿ ಕೊಟ್ಟರೆ ಅದೇ ಹೃದಯವನ್ನು ನಿಲ್ಲಿಸುತ್ತದೆ. ಆದ್ದರಿಂದ ಹನಿಹನಿಯಾಗಿ, ಪರದೆ ನೋಡುತ್ತಾ, ಮಧ್ಯೆ ಮಧ್ಯೆ ರಕ್ತ ಪರೀಕ್ಷಿಸುತ್ತಾ ಕೊಡಬೇಕು. ಸಕ್ಕರೆಯನ್ನು 180 ಮಿಲಿಗ್ರಾಂನ ಆಸುಪಾಸಿಗೆ ತರಬೇಕು, ಆದರೆ ತೀರ ಇಳಿಸಲೂಬಾರದು. ಪೂರ್ತಿ ಸರಿಯಾಗುವವರೆಗೆ ಕಾಯದೆ, ಅಪಾಯ ತಾಳಬಹುದಾದ ಮಟ್ಟಕ್ಕೆ ಬರುವಷ್ಟು ಗಂಟೆಗಳನ್ನು ಮಾತ್ರ ಸರ್ಜನ್ನರಿಂದ ಕೇಳಿ ಪಡೆಯುತ್ತಾರೆ. ಆ ಗಂಟೆಗಳು ಆರೋ, ಏಳೋ, ಹನ್ನೆರಡೋ ಎಂಬುದನ್ನು ರೋಗಿಯ ಸ್ಥಿತಿ ನೋಡಿ ಇಬ್ಬರೂ ಕೂಡಿ ತೀರ್ಮಾನಿಸುತ್ತಾರೆ.

ಶಸ್ತ್ರಚಿಕಿತ್ಸೆ ಮೊದಲಾದ ಮೇಲೂ ನೆಮ್ಮದಿಯಿಲ್ಲ. ಮೇಲ್ದವಡೆಯ ಮೂಳೆ ತೆಗೆಯುವಾಗ ರಕ್ತ ಬಹಳ ಹೋಗುತ್ತದೆ. ಕಣ್ಣನ್ನು ಎಳೆದು ಒತ್ತುವಾಗ ನರವೊಂದರ ಪ್ರತಿಕ್ರಿಯೆಯಿಂದ ಹೃದಯದ ಬಡಿತ ಒಮ್ಮೆಗೇ ನಿಧಾನವಾಗುತ್ತದೆ. ಕಣ್ಣಿಗೂ ಹೃದಯಕ್ಕೂ ಇರುವ ಈ ಸಂಬಂಧವನ್ನು ವೈದ್ಯರು 1908ರಿಂದ ಬಲ್ಲರು. ಪರದೆಯ ಮೇಲೆ ಬಡಿತ ಇಳಿದೊಡನೆ ತಲೆಯ ಬಳಿ ಕುಳಿತವರು 'ನಿಲ್ಲಿಸಿ' ಎನ್ನುತ್ತಾರೆ. ಸರ್ಜನ್ ಕೈ ಹಿಂತೆಗೆದರೆ ಬಡಿತ ಸಾಮಾನ್ಯವಾಗಿ ಮರಳುತ್ತದೆ, ಇಲ್ಲವಾದರೆ ಅಟ್ರೋಪಿನ್ ಸೂಜಿ ಸಿದ್ಧವಿರುತ್ತದೆ. ಕೊನೆಯಲ್ಲಿ ಕೊಳವೆ ತೆಗೆಯುವುದು ಹಾಕುವಷ್ಟೇ ಎಚ್ಚರದ ಕೆಲಸ. ಗಂಟಲು ಊದಿರುತ್ತದೆ, ರಕ್ತ ಜಿನುಗುತ್ತಿರುತ್ತದೆ, ಕೋವಿಡ್ ಕಂಡ ಶ್ವಾಸಕೋಶಕ್ಕೆ ಮೀಸಲು ಶಕ್ತಿ ಇರುವುದಿಲ್ಲ. ಸಂಶಯವಿದ್ದರೆ ಒಂದು ರಾತ್ರಿ ಕೊಳವೆಯೊಡನೆ ಐಸಿಯುನಲ್ಲಿಯೇ ಇಟ್ಟುಕೊಳ್ಳುತ್ತಾರೆ.

ಇಷ್ಟಾದ ಮೇಲೂ ಮುಗಿಯುವುದಿಲ್ಲ. ಉಳಿದ ಬೂಷ್ಟು ಮತ್ತೆ ಹಬ್ಬಿದರೆ ಮತ್ತೆ ಮೇಜು, ಮತ್ತೆ ಅರಿವಳಿಕೆ. ಒಬ್ಬನೇ ರೋಗಿ ಎರಡು, ಮೂರು ಸಲ ಮಲಗಿ ಏಳಬೇಕಾದ ಪ್ರಸಂಗಗಳು ಈ ರೋಗದಲ್ಲಿ ಅಪರೂಪವಲ್ಲ. ಪ್ರತಿ ಸಲವೂ ರಕ್ತ ಇನ್ನಷ್ಟು ಕಡಿಮೆ, ಮೂತ್ರಪಿಂಡ ಇನ್ನಷ್ಟು ದುರ್ಬಲ, ಬಾಯಿಯ ಒಳಗಿನ ಆಕಾರ ಕಳೆದ ಸಲದಂತಿಲ್ಲ. ಹಿಂದಿನ ಸಲ ಕೊಳವೆ ಸುಲಭವಾಗಿ ಹೋಯಿತೆಂದು ಈ ಸಲ ನಂಬಿ ಕೂರುವಂತಿಲ್ಲ. ಗುಣವಾದವರಿಗೆ ದಂತವೈದ್ಯರು ಅಂಗುಳಿನ ತೂತು ಮುಚ್ಚುವ ಕೃತಕ ತಟ್ಟೆ ಮಾಡಿಕೊಡುತ್ತಾರೆ. ಅದರಿಂದ ಊಟವೂ ಮಾತೂ ಮತ್ತೆ ಸಾಧ್ಯವಾಗುತ್ತವೆ.

ಎರಡನೆಯ ಸಹಿ

ಕೋವಿಡ್‌ನ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತು. ಬೂಷ್ಟಿನ ಪ್ರವಾಹವೂ ಇಳಿಯಿತು. ಆದರೆ ಅದರ ಹೊಲ ಉಳಿದಿದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇರುವವರೆಗೆ ಈ ರೋಗ ಅಲ್ಲೊಂದು ಇಲ್ಲೊಂದು ಬರುತ್ತಲೇ ಇರುತ್ತದೆ. ಆಗ ದೊಡ್ಡ ಆಸ್ಪತ್ರೆಯ ಯಂತ್ರಗಳು ಎಷ್ಟು ಮುಖ್ಯವೋ, ಕಮಲಾಪುರದಂಥ ಊರಿನಲ್ಲಿ ಕಳೆದ ಆ ಎರಡು ದಿನಗಳೂ ಅಷ್ಟೇ ಮುಖ್ಯ. ಕೆನ್ನೆ ಜೋಮು ಹಿಡಿದ ದಿನವೇ ಹೊರಟಿದ್ದರೆ ಆ ರೈತನ ಮುಖ ಊದಿರುತ್ತಿರಲಿಲ್ಲ, ಬಾಯಿ ತೆರೆಯುತ್ತಿತ್ತು, ಮಾಸ್ಕ್ ಸರಿಯಾಗಿ ಕೂರುತ್ತಿತ್ತು, ತೆಗೆಯಬೇಕಾದ ಭಾಗವೂ ಚಿಕ್ಕದಿರುತ್ತಿತ್ತು. ರೋಗಿ ಬೇಗ ಬಂದರೆ ಸರ್ಜನ್ನರಿಗಷ್ಟೇ ಅಲ್ಲ, ತಲೆಯ ಬಳಿ ಕೂರುವವರಿಗೂ ಅರ್ಧ ಕೆಲಸ ಹಗುರ.

ರೋಗಿಯ ಮನೆಯವರಿಂದ ಅವರಿಗೆ ಬೇಕಾದದ್ದು ಕೆಲವು ನೇರ ಉತ್ತರಗಳು. ಸ್ಟಿರಾಯ್ಡ್ ಎಷ್ಟು ದಿನ ತೆಗೆದುಕೊಂಡರು? ಊರಿನಲ್ಲಿ ಯಾರಾದರೂ ಬೇರೆ ಮಾತ್ರೆ ಕೊಟ್ಟಿದ್ದರೇ? ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ? ಕೊನೆಯ ಸಲ ಊಟ ಮಾಡಿದ್ದು ಯಾವಾಗ? ಯಾವ ಹಲ್ಲು ಅಲುಗಾಡುತ್ತಿದೆ? ರಾತ್ರಿ ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತದೆಯೇ? ಬೈಗುಳ ಬಿದ್ದೀತೆಂದು ಇವುಗಳಲ್ಲಿ ಒಂದನ್ನು ಮುಚ್ಚಿಟ್ಟರೂ ಲೆಕ್ಕ ತಪ್ಪುತ್ತದೆ.

ಆಪರೇಷನ್ ಮುಗಿದು ಹೊರಬಂದ ಸರ್ಜನ್ನರಿಗೆ ಮನೆಯವರು ಕೈಮುಗಿಯುತ್ತಾರೆ. ಒಳಗೆ ಇನ್ನೊಬ್ಬರು ರೋಗಿಯ ತಲೆಯ ಬಳಿಯೇ ನಿಂತು, 'ಕಣ್ಣು ಬಿಡ್ರಿ, ಜೋರಾಗಿ ಉಸಿರು ಎಳಕೊಳ್ರಿ' ಎಂದು ಹೆಸರು ಹಿಡಿದು ಕರೆಯುತ್ತಿರುತ್ತಾರೆ. ಓದದೆ ಹಾಕಿದ ಸಹಿ ಆ ಕೆಲಸಕ್ಕೆ ಕೊಟ್ಟ ಒಪ್ಪಿಗೆ. ಮುಂದಿನ ಸಲ ಆ ಕಾಗದ ಮುಂದೆ ಬಂದಾಗ ಮಗ ಅದನ್ನೂ ಒಮ್ಮೆ ಓದಿಸಿ ಕೇಳುವುದು ಒಳ್ಳೆಯದು.